ಶಲ್ಯದ ಮೇಲೆ ಬಿದ್ದ ಬೆಳಕು

ಒಂದೂರು. ಆ ಊರಿಗೊಬ್ಬ ಸಾಹುಕಾರ. ಮುಂದಿನ ಸಾಲಿನಲ್ಲಿ ಕೂತ ತಾಯಿ, ತೂಕಡಿಸಬೇಡಿ, ಉದ್ದದ ಕಥೆಯಲ್ಲ. ನನಗೂ ದಣಿವಾಗಿದೆ.

ದಿನಾ ಬೆಳಗ್ಗೆ ಅವನು ಪಡಸಾಲೆಯಲ್ಲಿ ಕೂರುತ್ತಿದ್ದ. ಊರವರು ಬಂದು ಕಾಲಿಗೆ ಬಿದ್ದು ಹೋಗುತ್ತಿದ್ದರು. ಆ ಕಾಲಿಗೇ ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಹುಣ್ಣು. ನೋವು ಕಡಿಮೆ, ಕೀವು ಹೆಚ್ಚು. ಊರಿಗೆ ಗೊತ್ತಾದರೆ ಏನು ಗತಿ? ಎರಡು ತಿಂಗಳು ಕಾಲುಚೀಲದಲ್ಲಿ ಮುಚ್ಚಿಟ್ಟ. ಮೆಡಿಕಲ್ ಶಾಪಿನಿಂದ ಗುಟ್ಟಾಗಿ ಮಾತ್ರೆ ತರಿಸಿ ನುಂಗಿದ.

ಕೊನೆಗೆ ಹೆಂಡತಿಯೇ ಡಾಕ್ಟರಮ್ಮನನ್ನು ಕರೆಸಿದಳು. ಅವರು ಕಾಲು ನೋಡಿ ಹೇಳಿದರು: "ಯಜಮಾನ್ರೇ, ಕಂಡಕಂಡ ಮಾತ್ರೆ ನುಂಗಿ ಕ್ರಿಮಿ ಗಟ್ಟಿಯಾಗ್ಬಿಟ್ಟಿದೆ, ಇನ್ನು ಮಾತ್ರೆಗೆ ಸಾಯಲ್ಲ. ಇದು ಹೊಸ ಮುಲಾಮು. ಇದ್ರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಇವೆ. ಕತ್ತಲಲ್ಲಿ ಸುಮ್ನಿರ್ತವೆ, ನಾನು ತಂದಿರೋ ಈ ದೀಪದ ಬೆಳಕು ಬಿದ್ರೆ ಮಾತ್ರ ಕ್ರಿಮಿ ಕೊಲ್ತವೆ. ಬೆಳಗ್ಗೆ ಹಚ್ಚಿದ ಕೂಡ್ಲೇ ಅರ್ಧ ಗಂಟೆ ಗಾಯ ಬೆಳಕಿಗಿಡಿ. ಇಲ್ಲಾಂದ್ರೆ ಕಾಲು ಉಳಿಯಲ್ಲ."

ನೋಡಿ, ಅವನೇನು ಮಾಡಿದ? ಒಳಗೆ ಕೂತರೆ ಯಜಮಾನರೆಲ್ಲಿ ಅಂತ ಜನ ಕೇಳುತ್ತಾರಲ್ಲ, ಪಡಸಾಲೆಯಲ್ಲೇ ಕೂತ. ಮುಲಾಮು ಹಚ್ಚಿಸಿಕೊಂಡ. ದೀಪ ಹಾಕಿಸಿದ. ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಜರಿ ಶಲ್ಯ ಎಳೆದು ಕಾಲ ಮೇಲೆ ಹಾಕಿಕೊಂಡ. ದೀಪವೇನೋ ಉರಿಯುತ್ತಲೇ ಇತ್ತು. ಬೆಳಕು ಎಲ್ಲಿ ಬಿತ್ತು? ಶಲ್ಯದ ಮೇಲೆ! ಬಂದವರು ಶಲ್ಯ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು. ಮರುದಿನವೂ ಹಾಗೇ. ಹನ್ನೊಂದು ದಿನ ಹಾಗೇ.

ಹೆಂಡತಿಗೆ ತಡೆಯಲಾಗಲಿಲ್ಲ. "ನಿಮ್ಗೆ ಕಾಲು ಬೇಕೋ, ಕಾಲಿಗೆ ಬೀಳೋರು ಬೇಕೋ?" ಅಂದಳು.

"ಎರಡೂ ಬೇಕು ಕಣೇ," ಅಂದ.

ಹನ್ನೆರಡನೇ ದಿನ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಊರವರು ನೋಡಲು ಬಂದರು. ಉಳಿದ ಕಾಲಿಗೆ ಬಿದ್ದು ಹೋದರು.

ನಗುತ್ತೀರಿ. ನಗಿ. ಇಪ್ಪತ್ತಾರು ವರ್ಷದಿಂದ ಈ ಕಥೆ ಹೇಳುತ್ತಿದ್ದೇನೆ, ಕಥೆಯ ಇದೇ ಜಾಗದಲ್ಲಿ ನಗುತ್ತೀರಿ, ಆಮೇಲೆ ಎದ್ದು ಹೋಗುತ್ತೀರಿ. ಬೇಸರವಾಗುತ್ತದೆ. ಔಷಧಿ ಇಲ್ಲದೆ ಕೆಟ್ಟವರು ಎಷ್ಟು ಜನ? ಔಷಧಿ ಹಚ್ಚಿಕೊಂಡೂ ಮುಚ್ಚಿಟ್ಟು ಕೆಟ್ಟವರೇ ಹೆಚ್ಚು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಕಾಲಲ್ಲಿ ಗಾಯ ಇದ್ದವರು ನಾಳೆ ಆಸ್ಪತ್ರೆಗೆ ಹೋಗಿ, ಕಟ್ಟು ಬಿಚ್ಚಿ ತೋರಿಸಿ. ಕದ್ದು ಕುಡಿಯುವವರು, ತಮ್ಮನ ಜೊತೆ ಮಾತು ಬಿಟ್ಟು ಎಲ್ಲ ಸರಿಯಿದೆ ಅಂತ ಓಡಾಡುವವರು, ಇವತ್ತೇ ಮನೆಯಲ್ಲಿ ಒಬ್ಬರಿಗಾದರೂ ನಿಜ ಹೇಳಿ. ಊಟಕ್ಕೆ ಕೂರುವ ಮುಂಚೆಯೇ ಹೇಳಿ. ಉಂಡ ಮೇಲೆ, ನಾಳೆ ಹೇಳಿದರಾಯಿತು ಅನ್ನಿಸುತ್ತದೆ.