ಏನು ಬರೆದಿದ್ದೀ ಎಂದು ಕೇಳಿ

ಈ ಸಮಾರಂಭದ ಅಧ್ಯಕ್ಷರೂ ನಮ್ಮ ಸಂಘದ ಹಿರಿಯರೂ ಆದ ಯಜ್ಞೇಶ್ವರ ರಾಯರೇ, ಸಂಘದ ಪದವಿ ಕಾಲೇಜಿನ ಪ್ರಿನ್ಸಿಪಾಲ್ ಪ್ರಭಾ ಮೇಡಂ ಅವರೇ, ಇವತ್ತು ಪ್ರತಿಭಾ ಪುರಸ್ಕಾರ ಪಡೆದ ವಿದ್ಯಾರ್ಥಿಗಳೇ, ಪಡೆಯದೆ ಹಿಂದಿನ ಸಾಲಿನಲ್ಲಿ ಕುಳಿತವರೇ, ಡೊಂಬಿವಲಿಯ ಈ ಸೆಕೆಯಲ್ಲೂ ಜರಿಸೀರೆ ಉಟ್ಟು ಬಂದ ತಾಯಂದಿರೇ, ನನ್ನ ಭಾಷಣ ಮುಗಿದರೆ ಊಟ ಎಂದು ಗೊತ್ತಿದ್ದೂ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ನನ್ನ ಹೆಸರು ಮಾನಸಿ. ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಗಂಟೆಯ ಲೆಕ್ಕದ ಉಪನ್ಯಾಸಕಿ; ಅಂದರೆ ರಜೆಯಲ್ಲಿ ನಾನು ಉಪನ್ಯಾಸಕಿಯಲ್ಲ. ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು ಹೇಳಿದರು: "ನಿನ್ನನ್ನು ಕರೆದದ್ದು ಮಾತಾಡ್ಲಿಕ್ಕೆ ಮಾರಾಯ್ತಿ, ಜಗಳ ಮಾಡ್ಲಿಕ್ಕಲ್ಲ. ಮುಂದಿನ ವರ್ಷ ನಿನ್ನನ್ನು ಇಟ್ಕೊಳ್ಳುವವರು ಅಲ್ಲೇ ಸ್ಟೇಜಿನ ಮೇಲೆ ಕೂತಿರ್ತಾರೆ." ಅಮ್ಮಾ, ನಾನು ಜಗಳ ಮಾಡುವುದಿಲ್ಲ. ಪ್ರಶ್ನೆ ಕೇಳುತ್ತೇನೆ.

ನನಗೆ ಕೊಟ್ಟ ವಿಷಯ ‘ಕಾಲೇಜು ಶಿಕ್ಷಣದಲ್ಲಿ ಕೃತಕ ಬುದ್ಧಿಮತ್ತೆ’. ಒಳ್ಳೆಯದೂ ಕೆಟ್ಟದ್ದೂ ಎರಡನ್ನೂ ಹೇಳಿ ಬೇಗ ಮುಗಿಸಿ ಎಂದು ಕಾರ್ಯದರ್ಶಿಗಳು ಸೂಚಿಸಿದ್ದಾರೆ. ನಾನು ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಒಳ್ಳೆಯದೂ ಕೆಟ್ಟದ್ದೂ ಅದರಲ್ಲೇ ಇವೆ.

ಅವಳು ಶ್ರೀಪ್ರಿಯಾ, ಎರಡನೇ ವರ್ಷದ ವಿದ್ಯಾರ್ಥಿನಿ. ಹೆಸರು ಹೇಳಬಹುದೇ ಎಂದು ಅವಳನ್ನೇ ಕೇಳಿದೆ, ಹೇಳಿ ಅಂದಳು. ಮನೆ ವಿಠ್ಠಲವಾಡಿಯಲ್ಲಿ. ನಮ್ಮ ಸಂಘದ ಕನ್ನಡ ಶಾಲೆಯಲ್ಲೇ ಓದಿದವಳು. ವಾಶಿಯ ಸಗಟು ಮಾರುಕಟ್ಟೆಯಿಂದ ಹೋಟೆಲಿನ ಚಟ್ನಿಯವರೆಗೆ ಬರುವಷ್ಟರಲ್ಲಿ ತೆಂಗಿನಕಾಯಿಯ ಬೆಲೆ ಎಲ್ಲೆಲ್ಲಿ ಏರುತ್ತದೆ ಎಂಬ ಬಗ್ಗೆ ಪ್ರಾಜೆಕ್ಟ್ ಬರೆದಳು. ವ್ಯಾಪಾರಿಗಳನ್ನು ಮಾತಾಡಿಸಿದಳು, ಹಮಾಲರನ್ನು ಮಾತಾಡಿಸಿದಳು, ಟೆಂಪೋದವರಿಂದ ಬೈಸಿಕೊಂಡೂ ಬಂದಳು. ಬರಹವನ್ನು ಕಾಲೇಜು ಹೊಸದಾಗಿ ತಂದ ಸಾಫ್ಟ್‌ವೇರಿಗೆ ಹಾಕಿದಾಗ ಅದು ಹೇಳಿತು: ನೂರಕ್ಕೆ ತೊಂಬತ್ತು ಭಾಗ ಯಂತ್ರ ಬರೆದದ್ದು.

ಅಂಕ ಸೊನ್ನೆಯಾಯಿತು. ಇಂದಿನ ಪುರಸ್ಕಾರದಿಂದ ಅವಳ ಹೆಸರು ಬಿಟ್ಟುಹೋಯಿತು. ಸೋಮವಾರ ಈ ಬಗ್ಗೆ ಕಾಲೇಜಿನ ಸಮಿತಿ ಕೂರುತ್ತದೆ. ಅಲ್ಲಿ ಆ ಸೊನ್ನೆ ಖಾಯಂ ಆದರೆ ಅವಳ ವರ್ಷ ಹೋಗುತ್ತದೆ. ವರ್ಷ ಹೋದರೆ ಕಾಲೇಜೇ ಹೋಗುತ್ತದೆ, ಏಕೆಂದರೆ ಅವಳ ತಂದೆ ಸರ್ವೋತ್ತಮಣ್ಣ ಆಗಲೇ ಹೇಳಿಯಾಗಿದೆ: "ಕಾಪಿ ಹೊಡೀಲಿಕ್ಕೆ ಕಾಲೇಜು ಯಾಕೆ? ನಾಳೆಯಿಂದ ಹೋಟೆಲಿಗೆ ಬಾ, ಕೌಂಟರಿನಲ್ಲಿ ಕೂತ್ಕೋ."

ನಾನು ಆ ಪ್ರಾಜೆಕ್ಟನ್ನು ಓದಿದೆ. ‘ಇಟ್ ಈಸ್ ನೀಡ್‌ಲೆಸ್ ಟು ಮೆನ್ಶನ್’, ‘ಇನ್ ದಿಸ್ ಕನೆಕ್ಷನ್’, ‘ಲಾಸ್ಟ್ ಬಟ್ ನಾಟ್ ದಿ ಲೀಸ್ಟ್’. ಯಾರ ಇಂಗ್ಲಿಷ್ ಇದು? ಮುಂದಿನ ಸಾಲಿನಲ್ಲಿ ನಗುತ್ತಿರುವವರಿಗೆ ಆಗಲೇ ಗೊತ್ತಾಗಿದೆ. ನಮ್ಮ ಸಂಘದ ಶಾಲೆಯ ದಿವಂಗತ ಪುಂಡರೀಕಾಕ್ಷ ಮಾಸ್ತರರದು! ಮನೆಯಲ್ಲಿ ಇಂಗ್ಲಿಷ್ ಆಡುವವರಿಲ್ಲದ ಮಕ್ಕಳಿಗಾಗಿ ಅವರು ಮಾದರಿ ವಾಕ್ಯಗಳನ್ನು ಅಚ್ಚು ಹಾಕಿಸಿ ಬಾಯಿಪಾಠ ಮಾಡಿಸಿದರು. ರಜಾ ಅರ್ಜಿಗೂ ಅದೇ ವಾಕ್ಯ, ಬ್ಯಾಂಕಿನ ಅರ್ಜಿಗೂ ಅದೇ ವಾಕ್ಯ, ಹೌಸಿಂಗ್ ಸೊಸೈಟಿಗೆ ನೀರು ಬರಲಿಲ್ಲ ಎಂದು ದೂರು ಕೊಡುವುದಕ್ಕೂ ಅದೇ ವಾಕ್ಯ. ಈ ಸಭೆಯ ಅರ್ಧ ಜನ ಆ ವಾಕ್ಯಗಳ ಬಲದಿಂದಲೇ ಕೆಲಸಕ್ಕೆ ಸೇರಿದವರು. ನೇರವಾದ, ತಿದ್ದಿ ತೀಡಿದ, ಮುಂದಿನ ಪದ ಊಹಿಸಬಹುದಾದ ಇಂಗ್ಲಿಷ್ ಕಂಡರೆ ಇಂಥ ಸಾಫ್ಟ್‌ವೇರು ಯಂತ್ರದ್ದೆಂದು ಅನುಮಾನಪಡುತ್ತದೆ. ಬದುಕಿದ್ದಾಗ ಒಂದು ಪ್ರಶಸ್ತಿಯೂ ಸಿಗದ ಮಾಸ್ತರರು ತೀರಿಕೊಂಡ ಮೇಲೆ ಕೃತಕ ಬುದ್ಧಿಮತ್ತೆ ಆಗಿಬಿಟ್ಟರು!

ನಾನು ಅಷ್ಟಕ್ಕೇ ಬಿಡಲಿಲ್ಲ. ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ನಮ್ಮ ಅಧ್ಯಕ್ಷರು ಬರೆದ ಇಂಗ್ಲಿಷ್ ಸಂದೇಶವಿದೆ. ಇಂಥ ಯಂತ್ರಗಳು ಹುಟ್ಟುವ ಎಷ್ಟೋ ವರ್ಷ ಮೊದಲು ಬರೆದದ್ದು. ಅದನ್ನೂ ಆ ಸಾಫ್ಟ್‌ವೇರಿಗೆ ಹಾಕಿದೆ. ಫಲಿತಾಂಶ ಹಿಡಿದುಕೊಂಡು ಅವರ ಹೋಟೆಲಿಗೆ ಹೋದೆ. ಗಲ್ಲಾದಲ್ಲಿದ್ದವರು ಕನ್ನಡಕ ಮೇಲೇರಿಸಿ ನೋಡಿದರು. "ಎಂತ ಮಾರಾಯ್ತಿ, ನಾನು ಮನುಷ್ಯ ಅಲ್ವಾ? ಯಾರಿಗೂ ಹೇಳ್ಬೇಡ, ದೋಸೆಯೂ ಮೆಷಿನೇ ಹೊಯ್ಯುದಾ ಅಂತ ಗಿರಾಕಿಗಳು ಕೇಳಿಯಾರು." ಆಮೇಲೆ ನಗು ನಿಂತಿತು. "ನಾನು ಪ್ರಿನ್ಸಿಪಾಲರಿಗೆ ಫೋನ್ ಮಾಡಿದ್ರೆ ಒತ್ತಡ ಹಾಕಿದ ಹಾಗೆ ಆಗ್ತದೆ. ನೀನು ಸಭೆಯಲ್ಲಿ ಹೇಳು. ಆಗ ಅದು ವಿಚಾರ ಆಗ್ತದೆ." ಅಧ್ಯಕ್ಷರೇ, ಹೇಳುತ್ತಿದ್ದೇನೆ.

ಇನ್ನೊಬ್ಬ ವಿದ್ಯಾರ್ಥಿ ಇದೇ ಸಭೆಯಲ್ಲಿದ್ದಾನೆ. ಅವನ ಹೆಸರು ಹೇಳುವುದಿಲ್ಲ. ಅವನೇ ಬಂದು ನನ್ನ ಮುಂದೆ ನಿಂತ. "ಮಿಸ್, ಮೇರಾ ತೋ ಪೂರಾ ಎಐ ನೇ ಲಿಖಾ. ಫಿರ್ ದೂಸ್ರೇ ಆ್ಯಪ್ ಮೇಂ ಡಾಲಾ, ಉಸ್ನೇ ಇನ್ಸಾನ್ ಜೈಸಾ ಬನಾ ದಿಯಾ. ಮೈಂ ಪಾಸ್. ಶ್ರೀಪ್ರಿಯಾ ಕೋ ಕ್ಯೂಂ ಪಕ್ಡಾ?" ನನ್ನದನ್ನು ಪೂರ್ತಿ ಎಐ ಬರೆಯಿತು, ಇನ್ನೊಂದು ಆ್ಯಪ್ ಅದನ್ನು ಮನುಷ್ಯ ಬರೆದ ಹಾಗೆ ಮಾಡಿಕೊಟ್ಟಿತು, ನಾನು ಪಾಸ್; ಶ್ರೀಪ್ರಿಯಾಳನ್ನು ಯಾಕೆ ಹಿಡಿದರು? ಎರಡು ಆ್ಯಪ್‌ಗಳಿಗೆ ದುಡ್ಡು ಕೊಡಬಲ್ಲವನು ಮನುಷ್ಯನಾದ. ತಮ್ಮನೊಂದಿಗೆ ಒಂದೇ ಮೊಬೈಲ್ ಹಂಚಿಕೊಳ್ಳುವವಳು ಯಂತ್ರವಾದಳು. ಇದು ನ್ಯಾಯವೇ? ಆ ಹುಡುಗನಿಗೆ ಇದು ನ್ಯಾಯವಲ್ಲ ಅನಿಸಿತಲ್ಲ, ಅಲ್ಲಿ ನನ್ನ ಭರವಸೆ ಇದೆ.

ನಾನು ಎಂ.ಎ. ಓದುವಾಗ ಇಂಥ ಯಂತ್ರ ಇರಲಿಲ್ಲ. ಅನುಮಾನ ಇತ್ತು. ನನ್ನ ಪ್ರಬಂಧವನ್ನು ಮೆಚ್ಚಿದ ಪರೀಕ್ಷಕರು, ಮನೆ ಎಲ್ಲಿ, ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಮುಂಬ್ರಾ, ಅಪ್ಪ ಹೋಟೆಲಿನಲ್ಲಿ ಅಡುಗೆಯವರು ಅಂದೆ. ಚಹದ ಕಪ್ಪು ಕೆಳಗಿಟ್ಟು ಕೇಳಿದರು: "ಹೇ ಕುಣೀ ಲಿಹೂನ್ ದಿಲಂ ತುಲಾ?" ಇದನ್ನು ನಿನಗೆ ಯಾರು ಬರೆದುಕೊಟ್ಟರು? ಯಾರು ಬರೆದರು ಎಂದು ಕೇಳಿದರೇ ಹೊರತು ಏನು ಬರೆದಿದ್ದೀ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಸಂಜೆಯವರೆಗೆ ಹೇಳುತ್ತಿದ್ದೆ. ಈಗ ನನಗೆ ಅವರ ಮೇಲೆ ಸಿಟ್ಟಿಲ್ಲ. ಅವರ ಕಪ್ಪಿನ ಮೇಲಿದ್ದ ನೀಲಿ ಗೆರೆ ಇನ್ನೂ ನೆನಪಿದೆ ಎಂದರೆ, ಸ್ವಲ್ಪ ಇರಬಹುದು. ಇರಲಿ. ವಿಷಯಕ್ಕೆ ಬರುತ್ತೇನೆ.

ನಾನು ಯಂತ್ರದ ವೈರಿಯಲ್ಲ. ಬೆಲೆ ಮತ್ತು ಬೇಡಿಕೆಯ ಪಾಠವನ್ನು ಕನ್ನಡದಲ್ಲಿ ವಿವರಿಸು ಎಂದು ತರಗತಿಯಲ್ಲೇ ಅದನ್ನು ಕೇಳಿದ್ದೇವೆ. ಹಿಮ ಬಾಚುವ ಸಲಿಕೆಯ ಉದಾಹರಣೆ ಕೊಟ್ಟಿತು. "ಮಿಸ್, ಕಲ್ಯಾಣ್‌ನಲ್ಲಿ ಹಿಮ ಯಾವ ಪ್ಲಾಟ್‌ಫಾರ್ಮಿಗೆ ಬೀಳ್ತದೆ?" ಎಂದು ಸುಜನ್ ಕೇಳಿದ. ಗಣಪತಿ ಹಬ್ಬದ ಹಿಂದಿನ ದಿನದ ಹೂವಿನ ಬೆಲೆ ಎಂದು ನಾವೇ ತಿದ್ದಿದೆವು. ಆ ದಿನ ಹಿಂದಿನ ಬೆಂಚಿನವರೂ ಬಾಯಿ ಬಿಟ್ಟರು. ನನ್ನನ್ನು ಕೇಳಲು ನಾಚುವವರು ಅದನ್ನು ನಾಚದೆ ಕೇಳುತ್ತಾರೆ, ಅದರ ತಪ್ಪು ಹಿಡಿದು ಹಿಗ್ಗುತ್ತಾರೆ. ಇದಕ್ಕಿಂತ ಒಳ್ಳೆಯ ಪಾಠ ಯಾವುದು? ಆದರೆ ಅದು ದುಡ್ಡಿದ್ದವರ ಜೇಬಿನಲ್ಲಿ ಮಾತ್ರ ಇರಬಾರದು. ಕಾಲೇಜೇ ಹಣ ಕಟ್ಟಿ ಗ್ರಂಥಾಲಯದಲ್ಲಿ ಎಲ್ಲರಿಗೂ ಇಡಲಿ. ಬಳಸಿದವರು ಬಳಸಿದೆವು ಎಂದು ಬರೆಯಲಿ. ನೋಟ್ಸ್ ಮಾಡಲು ಬಳಸುವ ನಾವು ಮೇಷ್ಟ್ರುಗಳು ಮೊದಲು ಬರೆಯೋಣ. ಮಕ್ಕಳ ಹೆಸರು, ಅಂಕ, ಮನೆಯ ಕಷ್ಟಗಳನ್ನು ಅದಕ್ಕೆ ಉಣಿಸುವುದು ಬೇಡ.

ಪ್ರಭಾ ಮೇಡಂ, ಪರೀಕ್ಷೆ ಪ್ರಾಮಾಣಿಕವಾಗಿರಲಿ ಎಂದೇ ನೀವು ಆ ಸಾಫ್ಟ್‌ವೇರು ತಂದಿರಿ. ನನಗೆ ಅದರಲ್ಲಿ ಸಂಶಯವಿಲ್ಲ. "ನಂಬರ್ ಬಂದಿದೆಯಲ್ಲ ಮಾನಸಿ, ನಾನೇನು ಮಾಡ್ಲಿ?" ಎಂದು ನೀವು ಕೇಳಿದಾಗ ನಿಮ್ಮ ಮುಖದಲ್ಲಿ ಸಂಕಟವಿತ್ತು. ಏನು ಮಾಡಬಹುದು ಎಂದು ಎಲ್ಲರ ಮುಂದೆ ಹೇಳುತ್ತೇನೆ. ನಂಬರೊಂದನ್ನೇ ನಂಬಿ ಯಾರಿಗೂ ಶಿಕ್ಷೆ ಬೇಡ. ಅನುಮಾನ ಬಂದರೆ ವಿದ್ಯಾರ್ಥಿಯನ್ನು ಕೂರಿಸಿ, ಏನು ಬರೆದಿದ್ದೀ ಎಂದು ಕೇಳೋಣ. ಕನ್ನಡವೋ ತುಳುವೋ ಮರಾಠಿಯೋ, ಅವರಿಗೆ ಬರುವ ಭಾಷೆಯಲ್ಲಿ ಹೇಳಲಿ. ಸಮಿತಿಯಲ್ಲಿ ತುಳು ಬಾರದವರಿದ್ದರೆ ಅದೇ ಯಂತ್ರ ಅನುವಾದಿಸಲಿ, ತಪ್ಪಿದರೆ ನಾವು ತಿದ್ದೋಣ. ಇದು ಶ್ರೀಪ್ರಿಯಾಳಿಂದ ಆರಂಭವಾಗಲಿ, ಸೋಮವಾರವೇ ಆಗಲಿ. ಆಗಬಹುದೇ, ಮೇಡಂ?

ಮೇಡಂ ಆಗಲಿ ಎಂದು ತಲೆಯಾಡಿಸಿದ್ದನ್ನು ಸಭೆ ನೋಡಿದೆ. ಚಪ್ಪಾಳೆ ಅವರಿಗೆ ಸಲ್ಲಲಿ. ಇಷ್ಟು ಜನರ ಎದುರು ಮನಸ್ಸು ಬದಲಿಸುವುದು ಸುಲಭವಲ್ಲ.

ಸರ್ವೋತ್ತಮಣ್ಣ, ಸೋಮವಾರದವರೆಗೆ ಕೌಂಟರಿನ ಮಾತು ಎತ್ತಬೇಡಿ. ಸಮಿತಿಯ ಕೋಣೆಯ ಹೊರಗೆ ನೀವೂ ಬಂದು ಕುಳಿತುಕೊಳ್ಳಿ. ಶ್ರೀಪ್ರಿಯಾ, ಹಿಂದೆ ಕುಳಿತಿದ್ದೀ, ಕಾಣುತ್ತಿದೆ. ಅಳುವುದು ಮುಗಿಸಿ ಕೇಳು. ಸೋಮವಾರ ಏನನ್ನೂ ಬಾಯಿಪಾಠ ಮಾಡಿಕೊಂಡು ಬರಬೇಡ. ಅವರ ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ಎನ್ನು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು. ಗೊತ್ತಿದ್ದದ್ದನ್ನು ಹೇಳುವಾಗ ಮಾತ್ರ ಯಾರು ತಡೆದರೂ ನಿಲ್ಲಿಸಬೇಡ.

ಮೈಕನ್ನು ನನ್ನ ಕೈಗೆ ಕೊಡುವ ಧೈರ್ಯ ಮಾಡಿದ ಸಂಘಕ್ಕೆ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ.