ಮೇಲಿನ ಮನೆ ಬೇಡ, ಕೆಳಗಿನದಕ್ಕೆ ಬನ್ನಿ

ಹಲೋ... ಯಾರು ಮಾತಾಡ್ತಿರೋದು?... ಲಾರಿ ಡ್ರೈವರಾ? ಇದು ಸಿಸ್ಟರ್ ಫೋನ್ ಅಲ್ವಾ?... ಹಾಂ, ಆಸ್ಪತ್ರೆ ಸಿಸ್ಟರು, ಅವರೇ... ಸಾಮಾನೆಲ್ಲ ಹೇರಿ ಆಯ್ತಾ? ಯಾವ ಮನೆಗೆ ಅಂದಿದ್ದಾರೆ?... ಬೇರೆ ಮನೆಗಾ?... ಅಯ್ಯೋ. ಗಾಡಿ ಸ್ಟಾರ್ಟ್ ಮಾಡ್ಬೇಡಪ್ಪ, ಪುಣ್ಯ ಬರುತ್ತೆ. ಫೋನ್ ಅವರಿಗೆ ಕೊಡು.

...

ಸಿಸ್ಟರ್, ನಾನು. ಮಹಡಿ ಮನೆ ಬಾಡಿಗೆಗೆ ಒಪ್ಕೊಂಡಿದ್ರಲ್ಲ, ಆ ಓನರ್... ಬೆಳಿಗ್ಗೆ ನೀವು ಬಂದು ನೋಡ್ಕೊಂಡು ಹೋದ್ರಂತೆ, ನಮ್ಮೆಜಮಾನ್ರು ಹೇಳಿದ್ರು. ನಾನು ಬಣ್ಣದ ಅಂಗಡೀಲಿದ್ದೆ... ನಿಜ, ಪ್ಲಂಬರ್ ಬಚ್ಚಲ ಗೋಡೆ ಒಡೆದು ಹಾಕಿದ್ದಾನೆ. ಒಳಗೆ ಪೈಪು ಸೋರಿ ಅರ್ಧ ಗೋಡೆ ನೆನೆದಿತ್ತು, ಏನ್ಮಾಡ್ಲಿ?

...

ಪ್ಲಂಬರ್ ಬರ್ತಾನೆ. ನಾಳೆ ಅಂದಿದ್ದಾನೆ... ಗೊತ್ತು, ಮೊನ್ನೇನೂ ನಾಳೆ ಅಂತಲೇ ಹೇಳಿದ್ದೆ.

...

ಅಡ್ವಾನ್ಸ್ ವಾಪಸ್ಸಾ?... ಸಿಸ್ಟರ್, ಮುಚ್ಚುಮರೆ ಯಾಕೆ, ಅದು ಕೈಲಿಲ್ಲ. ಬಂದ ದಿನವೇ ಸಾಲದ ಕಂತಿಗೆ ಹೋಯ್ತು... ಬ್ಯಾಂಕಿಂದು. ಮಹಡಿ ಅರ್ಧಕ್ಕೆ ಬಂದಿತ್ತು, ಇವರು ಕೆಲಸಕ್ಕಿದ್ದ ಪ್ರೆಸ್ಸು ಮುಚ್ಚೋಯ್ತು. ಈ ತಿಂಗಳೂ ತಪ್ಪಿದ್ರೆ ಗೇಟಿಗೆ ನೋಟೀಸ್ ಅಂಟಿಸ್ತಾರಂತೆ. ಅಡ ಇಟ್ಟಿರೋದು ಬರೀ ಮಹಡಿ ಅಲ್ಲ ಸಿಸ್ಟರ್, ಇಡೀ ಮನೆ. ಮನೆ ಕಟ್ಟಿ ನೋಡು ಅಂತಾರಲ್ಲ, ಕಟ್ಟಿ ನೋಡಿದ್ವಿ. ಬಾಡಿಗೆಗೆ ಕೊಟ್ಟು ನೋಡು ಅಂತ ಯಾರೂ ಹೇಳಿರ್ಲಿಲ್ಲ.

...

ಫೋನ್ ಇಡ್ಬೇಡಿ! ಒಂದೇ ಒಂದು ಮಾತು. ಮೇಲಿನ ಮನೆ ಬೇಡ. ಕೆಳಗಿನ ಮನೆಗೆ ಬನ್ನಿ... ಹೌದು, ನಾವಿರೋದೇ. ಕೊಳಾಯೀಲಿ ನೀರು ಬರುತ್ತೆ, ಕಿಟಕಿಗೆ ಸೊಳ್ಳೆ ಜಾಲರಿ ಇದೆ. ಬಾಡಿಗೆ ಅಷ್ಟೇ ಕೊಡಿ... ನಾವಾ? ಮೇಲೆ ಹೋಗ್ತೀವಿ. ಬಕೆಟ್‌ನಲ್ಲಿ ನೀರು ಹೊತ್ಕೊಂಡ್ರಾಯ್ತು.

...

ಅತ್ತೆನಾ?... ಅವರನ್ನ ನೋಡಿದ್ರಾ ನೀವು?... ಹಾಂ, ಸೊಂಟ ಮುರಿದಾಗಿಂದ ಹಾಸಿಗೇಲೇ. ಮೆಟ್ಟಿಲಿಗೆ ಇನ್ನೂ ಕಂಬಿ ಹಾಕ್ಸಿಲ್ಲ, ಅದೂ ನಿಜ. ಕುರ್ಚೀಲಿ ಕೂರ್ಸಿ ನಾನೂ ಇವರೂ ಎತ್ಕೊಂಡು ಹೋಗ್ತೀವಿ... ಬೇಡ ಅಂದ್ರೆ? ಅವರಿಗೋಸ್ಕರ ಮನೆ ಬೇಡ ಅಂತೀರಾ?... ನಿಮ್ಮದು ದೊಡ್ಡ ಮನಸ್ಸು ಸಿಸ್ಟರ್. ಆದ್ರೆ ಆ ಕರುಣೇನ ಒಯ್ದು ಬ್ಯಾಂಕಿಗೆ ಕಟ್ಟೋಕಾಗುತ್ತಾ?

...

ತಡೀರಿ, ಅತ್ತೆ ಒಳಗಿಂದ ಕೂಗ್ತಿದ್ದಾರೆ... ಏನತ್ತೆ?... ಕೇಳಿಸ್ತಾ ಸಿಸ್ಟರ್? "ಸತ್ತ ಮೇಲೆ ನಾಲ್ಕು ಜನ ಹೊರೋದು ಇದ್ದೇ ಇದೆ, ಬದುಕಿದ್ದಾಗ್ಲೇ ಒಂದ್ಸಲ ಹೊತ್ಕೊಂಡು ಹೋಗಿ ಮಹಡಿ ತೋರ್ಸಿ" ಅಂತಿದ್ದಾರೆ... ನಗ್ತಿದ್ದೀರಾ?... ಸಿಸ್ಟರ್?

...

ಹಾಂ?... ಕುರ್ಚೀಲಿ ಎತ್ತಬಾರದಾ? ಸೊಂಟಕ್ಕೆ ಏಟಾಗುತ್ತಾ?... ನೀವೇ ಬಂದು ಹೇಗೆ ಹಿಡಿಯೋದು ತೋರಿಸ್ತೀರಾ? ಅಂದ್ರೆ... ಬರ್ತೀರಾ? ಸಾಮಾನು ಸಮೇತ?... ಆಯ್ತು. ಆಯ್ತು ತಾಯಿ. ನೀವು ಬರೋವರೆಗೂ ಅವರನ್ನ ಮುಟ್ಟಲ್ಲ. ಆದ್ರೆ ಕತ್ತಲಾಗೋದ್ರೊಳಗೆ ಬಂದ್ಬಿಡಿ, ಮೇಲೆ ಕರೆಂಟ್ ಕೂಡ ಇನ್ನೂ... ಹಲೋ?... ಸಿಸ್ಟರ್?... ಹಲೋ?