ದವಾಖಾನಿ ಸೀತವ್ವ ಕೇಳಿದ ಮಾತು

ನಗು ಕಾಕಾ, ನಗು! ಯಾಕ, ಸುಳ್ಳ ಹೇಳಾಕತ್ತೇನೇನ? ಆಪರೇಶನ್ ಅಂದಕೂಡ್ಲೆ ಧೋತರದ ಗಂಟ ಎರಡೂ ಕೈಲೆ ಗಟ್ಟಿ ಹಿಡಕೊಂಡ ಕುಂತಿದ್ದಿಲ್ಲ! "ಸೀತವ್ವಾ, ಖರೇ ಹೇಳು, ಇವರು ಕೊಯ್ಯೂದು ಗಂಟಲಾನೋ, ಇಲ್ಲಾ ಮಕ್ಕಳಾಗಲಾರದಂಗ ಮಾಡ್ತಾರಲ್ಲ, ಆ ಸರಕಾರದ್ದೋ?" ಅಂದಿದ್ದಿ. ನಾ ಅದನ್ನ ಮರಾಠ್ಯಾಗ ಹೇಳಿದ್ರ ಡಾಕ್ಟರಿಗೂ ನಗಿ ತಡೀಲಿಲ್ಲ. ಏನ್ ಮಾಡ್ತಿ, ಈ ವರ್ಸ ಹಂಗ ಐತಿ. ಸರಕಾರಿ ಜೀಪು ಕಂಡ್ರ ಸಾಕು, ಊರಾಗಿನ ಗಂಡಸರೆಲ್ಲಾ ಜ್ವಾಳದ ಹೊಲಾ ಹೊಕ್ತಾರ. ಅರವತ್ತ ದಾಟಿದ ಮುದುಕರೂ ಓಡ್ತಾರ, ಅವರಿಗೇನ ಅಂಜಿಕಿನೋ!

ಕುಂದರು, ಇಲ್ಲೆ ಕಟ್ಟಿ ಮ್ಯಾಲೆ. ಲಚ್ಯಾಣ ಟೇಶನ್ ಬಂತಂದ್ರ ಮನಿ ಬಂದಂಗ. ನಿನ್ನ ಮಗ ಸೋಮನಿಂಗ ಬಂಡಿ ತರ್ತೇನಿ ಅಂದಾನ, ರಾಮವ್ವ ಕಾಕಿನೂ ಬರ್ತಾಳ. ಕೊಳ್ಳಾಗಿನ ಅರಬಿ ಸರೀ ಮಾಡ್ಕೊ, ಧೂಳ ಹೊಕ್ಕರ ಕೆಮ್ಮ ಬರ್ತೈತಿ. ನೀರ ಕುಡೀತಿ? ಸಣ್ಣ ಗುಟಕು. ಹಾಂ... ಸಾವಕಾಶ.

ಏನು? ಕೊಳ್ಳಾಗಿನ ಈ ತೂತಾ? ಮತ್ತ ಮತ್ತ ಅದನ್ನ ಯಾಕ ತೋರಸ್ತಿ? ಹೇಳೇನಲ್ಲ, ಗಾಯ ಮಾಗೂತನಾ ಅದರಾಗಿಂದಽ ಉಸಿರು. ಆಮ್ಯಾಗ ನೋಡೂಣಂತ. ದನಿನೂ... ಬರ್ತೈತಿ, ತಡಿ. ಊರ ನೀರ ಕುಡದು, ಹಸೀ ಉಳ್ಳಾಗಡ್ಡಿ ಕಟಗರೊಟ್ಟಿ ತಿಂದ್ರ ಎಲ್ಲಾ ಬರ್ತೈತಿ. ಗಡಬಡಿ ಮಾಡಿದ್ರ ಹ್ಯಾಂಗ?

ಹಂಗ ನೋಡಬ್ಯಾಡ. ನಾನೇನ ಡಾಕ್ಟರೇನ? ನಿನ್ನ ಆಪರೇಶನ್ ಆದ ಸೊಲ್ಲಾಪುರ ದವಾಖಾನ್ಯಾಗಽ ಆಯಾ ಆಗಿ ರೋಗಿಗಳ ಹೇಲು ಉಚ್ಚಿ ತೊಳದಾಕಿ. ಗಂಡ ತೀರಿಕೊಂಡ ಮ್ಯಾಲೆ ಊರಿಗೆ ಬಂದೆ. ಮರಾಠಿ ಬರ್ತೈತಿ, ಯಾವ ಬಾಗಲಾ ಯಾವ ಡಾಕ್ಟರಂದು ಗೊತ್ತೈತಿ, ಅಷ್ಟಽ. ಈಗ ಇಂಡಿ ಅನ್ನು, ಸಿಂದಗಿ ಅನ್ನು, ಬಾಗೇವಾಡಿ ಅನ್ನು, ದೊಡ್ಡ ಬ್ಯಾನಿ ಬಂತಂದ್ರ "ದವಾಖಾನಿ ಸೀತವ್ವನ್ನ ಕರಕೊಂಡ ಹೋಗ್ರಿ, ನಿಮ್ಮ ಬದ್ಲಿ ಮಾತಾಡ್ತಾಳ" ಅಂತಾರ. ಮದಲ ಅಂಗಳಾ ತುಳೀಗೊಡದವ್ರು ಈಗ ಬಾಜೂ ಕುಂದರಿಸಿ ಚಾ ಕೊಡ್ತಾರ. ಖುಷಿ ಆಗತೈತೇನು ಅಂದ್ರ... ಏನೂ ಆಗೂದಿಲ್ಲ. ಮದಲೆಲ್ಲಾ ರೋಗಿ ಸತ್ರ ನಾನೂ ಅಳತಿದ್ದೆ. ಈಗ ಹಾಸಿಗಿ ಸುತ್ತಿ ಮೂಲ್ಯಾಗ ಇಟ್ಟು ಹೊರಗ ಬರ್ತೇನಿ. ಎದಿ ಜಡ್ಡಗಟ್ಟೇತಿ, ನಿನ್ನ ಅಂಗಾಲ ಇದ್ದಂಗ.

ಆದ್ರ ನಿನ್ನ ಗಂಟಲ ಡಾಕ್ಟರು ಚಲೋ ಮನಷ್ಯಾ, ಅದನ್ನ ಹೇಳಬೇಕು. ಈಗಿನವ್ರದು ಹಂಗಽ ಕಾಕಾ, ಒಬ್ಬಂವಾ ಎಲುವು, ಒಬ್ಬಂವಾ ಕಣ್ಣು. ಇವರು ಮುಂಬೈದಾಗ ವರ್ಸಗಟ್ಲೆ ಕುಂತು ಗಂಟಲಾ ಒಂದಽ ಕಲ್ತ ಬಂದಾರ. ಹೊಟ್ಟಿ ನೋಯ್ತೈತ್ರಿ ಅಂದ್ರ "ಅದು ನಂದಲ್ಲ, ಬಾಜೂ ಖೋಲಿಗೆ ಹೋಗು" ಅಂತಾರ! ಆದ್ರ ರೋಗಿ ತಾನಾಗಿ ಹೂಂ ಅನ್ನೂತನಾ ಚಾಕು ಹಿಡಿಯೂದಿಲ್ಲ ಆ ಪುಣ್ಯಾತ್ಮ. "ಸೀತಾಬಾಯಿ, ಅವನ ಭಾಷಾದಾಗ ಪೂರಾ ಹೇಳು" ಅಂತ ನನ್ನ ಮುಂದ ನಿಂದರಸ್ತಾರ.

ಹೇಳೇನಲ್ಲ ನಾ. ಎಲ್ಲಾ ಹೇಳೇನಿ. ಯಾಕ ಹುಬ್ಬ ಏರಸ್ತಿ?

ನೋಡು, ಮುದ್ದೇಬಿಹಾಳ ಕಡೆ ಮಡಿವಾಳಪ್ಪ ಮಾಸ್ತರ ಅಂತ ಒಬ್ಬಂವಾ ಬಂದಿದ್ದ. ಹೋದ ವರ್ಸ. ನಿನ್ನಂಗಽ ಗಂಟಲಾಗ ಗಂಟು, ಅದಽ ಡಾಕ್ಟರು. ಅಂವಗ ಇದ್ದದ್ದ ಇದ್ದಂಗ ಹೇಳಿದೆ, ಒಂದ ಅಕ್ಷರ ಬಿಡಲಿಲ್ಲ. ಮಾಸ್ತರ ಕೇಳಿದ, ಚಷ್ಮಾ ವರಸ್ಕೊಂಡ, "ಸಾಲ್ಯಾಗ ಹುಡುಗರಿಗೆ ಏನ ಹೇಳ್ಲಿ ಹಂಗಾರ?" ಅಂದ. ಎದ್ದು ಛತ್ರಿ ತಗೊಂಡು ಹೋಗೇ ಬಿಟ್ಟ. ಹಿಂದಿಂದ ಓಡಿ ಹೋಗಿ ಕಾಲ ಹಿಡದೆ, ಕೇಳಲಿಲ್ಲ. ಬ್ಯಾಸಿಗಿ ಬರೂದ್ರಾಗ ಉಸಿರ ಸಿಗದಽ ಸತ್ತ. ಮಣ್ಣಿಗೆ ಹೋಗಿದ್ದೆ. ಅವನ ಹೇಣ್ತಿ ನನ್ನ ಮಾರಿ ನೋಡಿ, "ಅದೇನ ಹೇಳಿ ಅಂಜಿಸಿದ್ದೆವ್ವಾ ನಮ್ಮವರ್ನ?" ಅಂದ್ಳು. ಅವತ್ತಽ ನಿರ್ಧಾರ ಮಾಡಿದೆ, ಇನ್ನ ಮ್ಯಾಲೆ...

ಏನಿಲ್ಲ. ಬಿಡು. ಮಾತಿಗೆ ಮಾತ ಬಂತು.

ಇಕಾ, ಅಲ್ಲಿ ನೋಡು! ಬಂಡಿ! ನಿಮ್ಮ ಕೆಂದೆತ್ತಽ ಅಲ್ಲೇನು? ಕಾಕಿ ಕುಂತಾಳ, ಸೋಮನಿಂಗ ಹೊಡ್ಯಾಕತ್ತಾನ. ಅಯ್ಯ, ಈ ಹುಡುಗ ಆ ಕಡೆ ಯಾಕ ಹೊಂಟ? ಮಾಲಗಾಡಿ ನಿಂದರೂ ಕಡೆ ಹೋದ್ರ ನಾವೆಲ್ಲಿ ಕಾಣ್ತೇವು? ಕುಂದರು ಕಾಕಾ, ನಾ ಹೋಗಿ ಕರೀತೇನಿ. ಯಾಕ ಏಳತಿ? ನೀ ಒದರಬ್ಯಾಡ. ಕೇಳಿಲ್ಲಿ, ಒದರಬ್ಯಾಡ ಅಂದೆ...

ಕಾಕಾ.

ಬಾಯಿ ಮುಚ್ಚು. ಗಾಳಿ ಎಲ್ಲಾ ತೂತಿನಾಗಽ ಹೋಗಾಕತ್ತೈತಿ. ಬ್ಯಾಡೋ, ಮತ್ತೊಮ್ಮಿ ಬ್ಯಾಡ, ಕೊಳ್ಳಿನ ನರಾ ಎಲ್ಲಾ ಉಬ್ಬ್ಯಾವ, ರಕ್ತ ಬಂದೀತು. ಹೇಳೇನಲ್ಲ, ಇನ್ನ ಸ್ವಲ್ಪ ದಿನಾ... ಒಂದ ಕೂಗಿಗೆ ಹೊಳಿ ಆಚಿ ಕುರಿ ತಿರಗಸಾಂವಾ ನೀ, ನಿನ್ನ ದನಿ ಅಷ್ಟ ಸರಳ ಎಲ್ಲಿ ಹೋಗ್ತೈತಿ...

ಯಾಕ ಹಂಗ ನಿಂತಿ? ತಲಿ ಯಾಕ ಅಲ್ಲಾಡಸ್ತಿ? ಬರೂದಿಲ್ಲ ಅಂತಿಯೇನು? ನಿನಗ ಯಾರ ಹೇಳಿದ್ರು?

ಏನರ ಮಾಡು ಕಾಕಾ. ಕಲ್ಲ ತಗೊಂಡ ಒಗಿ. ಕಪಾಳಕ್ಕ ಬಡಿ. ಹಂಗ ಕಣ್ಣಾಗ ಕಣ್ಣಿಟ್ಟು ಸುಮ್ಮ ನಿಂದರಬ್ಯಾಡ, ನನ್ನ ಕಡಿಂದ ಆಗೂದಿಲ್ಲ.

ಹೌದು. ಬರೂದಿಲ್ಲ. ಎಂದೂ ಬರೂದಿಲ್ಲ. ದನಿ ಹುಟ್ಟೂ ಪೆಟಿಗಿನಽ ಪೂರಾ ತಗದಾರ, ಗಂಟ ಅದರಾಗಽ ಇತ್ತು. ಆ ತೂತೂ ಮುಚ್ಚೂದಿಲ್ಲ. ಡಾಕ್ಟರು ನನಗ ಬಿಡಿಸಿ ಬಿಡಿಸಿ ಹೇಳಿದ್ರು, "ಜೀವ ಉಳೀತೈತಿ, ಮಾತು ಹೋಗ್ತೈತಿ, ಒಪ್ಪತಾನೇನು ಕೇಳು" ಅಂತ. ನಾ ನಿನಗ ಕೇಳಿದ್ದು "ಗಂಟ ತಗಸ್ಕೋತಿಯೇನು ಕಾಕಾ?" ಅಂತ. ನೀ ಹೂಂ ಅಂದಿ. ನಾ ಅವರಿಗೆ "ಒಪ್ಯಾನ್ರಿ" ಅಂದೆ. ಅವರಿಗೆ ಕನ್ನಡ ಬರೂದಿಲ್ಲ, ನಿನಗ ಮರಾಠಿ ಬರೂದಿಲ್ಲ. ನಡುವ ನಾ ಒಬ್ಬಾಕಿ ಇದ್ದೆ. ಸೋಮನಿಂಗಗೂ ಹೇಳಿಲ್ಲ, ಕಾಕಿಗೂ ಹೇಳಿಲ್ಲ. ಹೇಳಿದ್ರ ನೀನೂ ಮಾಸ್ತರನಂಗ ಎದ್ದ ಹೋಗಿದ್ರ? ಬದುಕಿಯಲ್ಲ? ನಿಂತಿಯಲ್ಲ ನನ್ನ ಮುಂದ?

ಕಾಕಿ ಕಡೆ ಯಾಕ ಕೈ ಮಾಡ್ತಿ? ...ಓ. ಅವತ್ತಿಂದು.

ಗೊತ್ತೈತಿ. ಮರೆತಿಲ್ಲ. ಆಪರೇಶನ್ ಹಿಂದಿನ ದಿನಾ ಕಾಕಿ ಬಂದಿದ್ಳು. ಊರಾಗ ಕುರಿ ಮರಿ ಹಾಕಾಕತ್ತಿದ್ವು, ತಿರಗಿ ಸಂಜಿ ರೈಲಿಗೆ ಹೊಂಡಬೇಕಾಗಿತ್ತು. ಹೋಗಾಕ ಎದ್ದಾಗ ನೀ ಅಕಿ ಕೈ ಹಿಡದು ಏನೋ ಹೇಳಾಕ ಬಾಯಿ ತಗದಿ. ನಾನಽ ಬೈದೆ. "ಗಂಟಲಿಗೆ ತ್ರಾಸ ಕೊಡಬ್ಯಾಡ, ಆಪರೇಶನ್ ಆದ ಮ್ಯಾಲೆ ಇಬ್ಬರೂ ಕುಂತು ಬೇಕಾದಷ್ಟ ಮಾತಾಡ್ರಿ" ಅಂದೆ. ನೀ ಶಾಣ್ಯಾ ಹುಡುಗರಂಗ ಬಾಯಿ ಮುಚ್ಚಿದಿ. ಅಕಿ ಸೆರಗ ಹೊಚ್ಚಿಕೊಂಡು ಹೋದ್ಳು. ನನಗ ಎಲ್ಲಾ ಗೊತ್ತಿದ್ದೂ ಅಂದೆ ಕಾಕಾ. ಬಾಯಿಲೆ ಹಂಗ ಬಂದಬಿಡ್ತು, ದವಾಖಾನ್ಯಾಗ ದಿನಾ ಅಂದಂಗ ಅಂದಬಿಟ್ಟೆ. ಏನ ಹೇಳಾಂವಾ ಇದ್ದಿ ಅಕಿಗೆ? ಇನ್ನ ಯಾರಿಗೂ ತಿಳಿಯೂದಿಲ್ಲ ಅದು.

ಅಳು ಬರವಲ್ದು ನನಗ. ಬಂದ್ರ ಚಲೋ ಇತ್ತು.

ನೋಡು, ಬಂಡಿ ಹೊಳ್ಳಿತು. ಕಂಡಿ ಅವರಿಗೆ. ಕಾಕಿ ಇಳದ ಓಡಿ ಬರಾಕತ್ತಾಳ, ಮಾರಿ ನೋಡು ಎಷ್ಟ ಅರಳೇತಿ... ಕಾಕಾ, ನೀ ಇಲ್ಲೇ ಕುಂದರು. ನಾ ಮುಂದ ಹೋಗ್ತೇನಿ. ನಾ ಹೇಳ್ತೇನಿ ಅಕಿಗೆ, ಹಗರಕ, ತಿಳಿಯೂಹಂಗ. ನಿನ್ನ ಬದ್ಲಿ ನಾ...

ಯಾಕ ಅಡ್ಡ ಬಂದಿ? ದಾರಿ ಬಿಡು. ಅಲ್ಲೋ, ಹೇಳಬೇಕಲ್ಲ ಯಾರರ! ನೀ ಹ್ಯಾಂಗ ಹೇ... ಕೈ ತಗಿ. ಕಾಕಾ, ನನ್ನ ಬಾಯಿ ಮ್ಯಾಲಿಂದ ಕೈ ತಗಿ...

ಆತು. ಆತು ಕಾಕಾ. ನಾ ಏನೂ ಅನ್ನೂದಿಲ್ಲ. ನೀನಽ ಹೋಗು.